ಶಸ್ತ್ರಚಿಕಿತ್ಸಾ ಸಂಘಗಳು ಮತ್ತು ಗ್ರಾಮೀಣ ಶಸ್ತ್ರವೈದ್ಯ

ಶಸ್ತ್ರಚಿಕಿತ್ಸಾ ಸಂಘಗಳೆಂದರೆ ಶಸ್ತ್ರವೈದ್ಯರು ತಮ್ಮ ವಿದ್ಯೆಯನ್ನು ಪರಸ್ಪರ ಹಂಚಿಕೊಳ್ಳುವುದಕ್ಕೂ, ಕಿರಿಯರನ್ನು ಪಳಗಿಸುವುದಕ್ಕೂ, ವೈದ್ಯಸಹಾಯ ದುರ್ಲಭವಾದ ನಾಡುಗಳಿಗೆ ಚಿಕಿತ್ಸೆಯನ್ನು ಒಯ್ಯುವುದಕ್ಕೂ ಕಟ್ಟಿಕೊಂಡ ಸಂಸ್ಥೆಗಳು. ಈ ವಿದ್ಯೆ ಗ್ರಂಥಾವಲೋಕನದಿಂದಷ್ಟೇ ಕರಗತವಾಗುವುದಲ್ಲ. ನುರಿತವನ ಎದುರಿಗೆ ನಿಂತು, ಅವನ ಕೈ ಎಲ್ಲಿ ತಡೆಯಿತು, ಎಲ್ಲಿ ಹಗುರವಾಯಿತು ಎಂಬುದನ್ನು ಕಂಡು, ಕಡೆಗೆ ಅವನು ನೋಡುತ್ತಿರುವಂತೆಯೇ ತಾನು ಶಸ್ತ್ರ ಹಿಡಿದು ಕಲಿಯಬೇಕಾದುದು. ಆದುದರಿಂದ ಗುರುಶಿಷ್ಯ ಸಂಬಂಧವೇ ಈ ಸಂಘಗಳೆಲ್ಲದರ ಮೂಲ.

ಎಡಿನ್‌ಬರೋದ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದಾಗಿ 1505ರಲ್ಲಿ ನಗರಸಭೆಯ ಮನ್ನಣೆ ಪಡೆದ ಸಂಘವು ಇವುಗಳಲ್ಲಿ ಬಹು ಪ್ರಾಚೀನವಾದುದು. ಇಂಗ್ಲೆಂಡಿನ ಶಸ್ತ್ರವೈದ್ಯರ ರಾಯಲ್ ಕಾಲೇಜು 1843ರಲ್ಲಿ ಎಫ್.ಆರ್.ಸಿ.ಎಸ್. ಎಂಬ ಫೆಲೋಷಿಪ್ ಪದವಿಯನ್ನು ಏರ್ಪಡಿಸಿದ ಬಳಿಕ, ಆ ನಾಲ್ಕಕ್ಷರಕ್ಕಾಗಿ ನಮ್ಮ ದೇಶದ ವೈದ್ಯರೂ ಹಡಗು ಹತ್ತಿದರು. ಬ್ರಸೆಲ್ಸ್‌ನಲ್ಲಿ 1902ರಲ್ಲಿ ಅಂತರರಾಷ್ಟ್ರೀಯ ಶಸ್ತ್ರಚಿಕಿತ್ಸಾ ಸಂಘವು ಸ್ಥಾಪಿತವಾಗಿ, 1905ರ ಅದರ ಪ್ರಥಮ ಸಮ್ಮೇಳನಕ್ಕೆ, ಮುಂದೆ ನೊಬೆಲ್ ಪಾರಿತೋಷಿಕ ಪಡೆದ ಥಿಯೋಡೋರ್ ಕೋಖರ್ ಅಧ್ಯಕ್ಷರಾದರು. ಭಾರತೀಯ ಶಸ್ತ್ರವೈದ್ಯರ ಸಂಘವು 1938ರಲ್ಲಿ ಹುಟ್ಟಿತು.

ಇವೆಲ್ಲವೂ ಮಹಾನಗರಗಳ ಸಂಘಗಳು. ಹಳ್ಳಿಯ ಶಸ್ತ್ರವೈದ್ಯನ ಕಷ್ಟ ಬೇರೆ: ಅರಿವಳಿಕೆ ಕೊಡುವವರಿಲ್ಲ, ರಕ್ತನಿಧಿ ದೂರ, ರೋಗಿಯ ಕೈಯಲ್ಲಿ ಹಣವಿಲ್ಲ, ಹೆರಿಗೆಯ ಸಿಸೇರಿಯನ್ನಿನಿಂದ ಮುರಿದ ಮೂಳೆಯವರೆಗೆ ಎಲ್ಲವನ್ನೂ ಒಬ್ಬನೇ ನಿರ್ವಹಿಸಬೇಕು. ಈ ಸಂಕಟವನ್ನು ಹೃದಯದಿಂದ ಅರಿತವರಲ್ಲಿ ಹುಬ್ಬಳ್ಳಿಯಲ್ಲಿ 1922ರಲ್ಲಿ ಜನಿಸಿದ ಡಾ. ಎನ್.ಎಚ್. ಆಂಟಿಯಾ ಅಗ್ರಗಣ್ಯರು. ಬ್ರಿಟನ್ನಿನಲ್ಲಿ ಹೆರಾಲ್ಡ್ ಗಿಲ್ಲೀಸ್‌ರ ಬಳಿ ಪ್ಲಾಸ್ಟಿಕ್ ಸರ್ಜರಿ ಕಲಿತು ಬಂದ ಇವರು, ಆ ವಿದ್ಯೆಯನ್ನು ಸಿರಿವಂತರ ಸೌಂದರ್ಯಕ್ಕೆ ಮೀಸಲಿಡದೆ, ಕುಷ್ಠರೋಗದಿಂದ ವಿರೂಪಗೊಂಡ ಮುಖಗಳನ್ನೂ ಮಡಚಿಹೋದ ಬೆರಳುಗಳನ್ನೂ ಸರಿಪಡಿಸುವುದಕ್ಕೆ ಧಾರೆಯೆರೆದರು. 1990ರ ದಶಕದ ಆದಿಯಲ್ಲಿ ರೂಪುಗೊಂಡ ಭಾರತೀಯ ಗ್ರಾಮೀಣ ಶಸ್ತ್ರವೈದ್ಯರ ಸಂಘದ ಪ್ರೇರಕರಲ್ಲಿ ಅವರೂ ಒಬ್ಬರು.

ಈ ಸಂಘದ ಬಳಗದಲ್ಲಿ ನಡೆದ ಒಂದು ಕಾರ್ಯವನ್ನು ವಿಸ್ತರಿಸಿ ಹೇಳಬೇಕು. ಹರ್ನಿಯಾದಲ್ಲಿ ಸಡಿಲಗೊಂಡ ಹೊಟ್ಟೆಯ ಗೋಡೆಗೆ ಒಳಗಿನಿಂದ ತೇಪೆಯಾಗಿ ಹೊಲಿಯುವ ಸಣ್ಣ ಬಲೆಯೊಂದುಂಟು. ಪೇಟೆಯಲ್ಲಿ ಅದರ ಬೆಲೆ ಕೂಲಿಕಾರನಿಗೆ ಎಟುಕದು. ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಊರಿನ ಡಾ. ರವೀಂದ್ರನಾಥ ತೊಂಗಾಂವ್ಕರ್ ಅವರು ಸಾಮಾನ್ಯ ಸೊಳ್ಳೆಪರದೆಯ ಬಟ್ಟೆಯನ್ನೇ ಅಳತೆಗೆ ಕತ್ತರಿಸಿ, ಕ್ರಿಮಿಶುದ್ಧಿ ಮಾಡಿ ಬಳಸಿದರು. ಅವರೂ ಸಹೋದ್ಯೋಗಿಗಳೂ ಇಂತಹ 359 ಚಿಕಿತ್ಸೆಗಳ ವರದಿಯನ್ನು 2003ರಲ್ಲಿ ಪ್ರಕಟಿಸಿದರು. ಮುಂದೆ ಪೂರ್ವ ಉಗಾಂಡದಲ್ಲಿ ಸ್ವೀಡನ್ನಿನ ಹಾಗೂ ಉಗಾಂಡದ ವೈದ್ಯರು ಕೂಡಿ 302 ಗಂಡಸರಲ್ಲಿ ಇಂತಹ ಅಗ್ಗದ ಬಲೆಯನ್ನೂ ದುಬಾರಿ ಬಲೆಯನ್ನೂ ಹೋಲಿಸಿ ನೋಡಿದಾಗ, ವರ್ಷ ಕಳೆದ ಮೇಲೂ ಫಲದಲ್ಲಿ ಗಣನೀಯ ಭೇದ ಕಾಣಲಿಲ್ಲವೆಂದು 2016ರಲ್ಲಿ ಪ್ರಕಟವಾಯಿತು. ವಿದ್ಯೆ ಪಶ್ಚಿಮದಿಂದ ಮಾತ್ರ ಹರಿದುಬರುವುದೆಂಬ ನಂಬಿಕೆಗೆ ಇದಕ್ಕಿಂತ ಮಿಗಿಲಾದ ಉತ್ತರ ನನಗೆ ತಿಳಿಯದು. ಇಂತಹ ಅಗ್ಗದ ಚಿಕಿತ್ಸೆ ಉತ್ತರ ಕನ್ನಡದ ಕರಾವಳಿಗೂ ಬೇಕಾದುದು: ಹೊನ್ನಾವರ, ಮುರ್ಡೇಶ್ವರಗಳ ಮರಳಿನಲ್ಲಿ ರಂಪಣಿ ಬಲೆಯನ್ನು ಹೆಗಲುಕೊಟ್ಟು ಎಳೆದ ಮೀನುಗಾರನಿಗೆ ಹರ್ನಿಯಾ ಅಪರಿಚಿತ ವ್ಯಾಧಿಯಲ್ಲ. ಅದು ಬಂದ ಮೇಲೆ ಎಳೆತವೂ ನಿಂತಿತು, ಮನೆಯ ಅನ್ನವೂ ನಿಂತಿತು.

ಇಂತಹ ಅಗ್ಗದ ಉಪಾಯಗಳ ಸಾಲಿನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಸುರಕ್ಷಿತ ಶಸ್ತ್ರಚಿಕಿತ್ಸೆಯ ತಪಾಸಣಾ ಪಟ್ಟಿಯೂ ಸ್ಮರಣೀಯ. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಪ್ರಯೋಗಿಸಿದಾಗ ಶಸ್ತ್ರಚಿಕಿತ್ಸೆಯ ರೋಗಿಗಳ ಮರಣಪ್ರಮಾಣವು ಶೇಕಡ 1.5ರಿಂದ 0.8ಕ್ಕೆ ಇಳಿದಿತ್ತು.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗವು 2015ರಲ್ಲಿ, ಜಗತ್ತಿನ 500 ಕೋಟಿ ಜನರಿಗೆ ಸುರಕ್ಷಿತವೂ ಕೈಗೆಟುಕುವಂತಹುದೂ ಆದ ಶಸ್ತ್ರಚಿಕಿತ್ಸೆ ದೊರೆಯುತ್ತಿಲ್ಲವೆಂದು ಸಾರಿ, ಸಿಸೇರಿಯನ್ ಹೆರಿಗೆ, ಉದರದ ಶಸ್ತ್ರಚಿಕಿತ್ಸೆ, ಚರ್ಮ ಹರಿದು ಹೊರಬಂದ ಮೂಳೆಮುರಿತ ಇವು ಮೂರಕ್ಕೂ ಎರಡು ಗಂಟೆಯ ದಾರಿಯೊಳಗೆ ಚಿಕಿತ್ಸೆ ಸಿಗಬೇಕೆಂಬ ಮಾನದಂಡವನ್ನು ಇಟ್ಟಿತು. ಎರಡು ಗಂಟೆಯ ಅರ್ಥವನ್ನು ನಮ್ಮ ಕರಾವಳಿಯವರು ಬಲ್ಲರು. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಮುರ್ಡೇಶ್ವರದಲ್ಲಿ ಆರ್.ಎನ್.ಎಸ್. ಆಸ್ಪತ್ರೆಯಿದೆ; 2016ರಿಂದ ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಆದರೂ ಅಡಿಕೆ ಮರದ ತುದಿಯಿಂದ ಬಿದ್ದ, ಗೊನೆ ಕೊಯ್ಯುವ ಕೊನೆಗೌಡನ ತಲೆಗೆ ಪೆಟ್ಟಾಗಿದ್ದರೆ ಮನೆಯವರ ಬಾಯಿಂದ ಮೊದಲು ಹೊರಡುವ ಮಾತು "ಮಣಿಪಾಲಕ್ಕೆ ಒಯ್ಯಿರಿ" ಎಂಬುದೇ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಅಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿಸಿದ ಮೇಲೆ ಬೆಳೆದ ಈ ವಾಡಿಕೆಯಲ್ಲಿ ವಿಶ್ವಾಸವೂ ಇದೆ, ನಿರುಪಾಯವೂ ಇದೆ. ಮುರ್ಡೇಶ್ವರದಿಂದಲೇ ಅದು ನೂರು ಕಿಲೋಮೀಟರಿಗೆ ಮಿಕ್ಕ ದಾರಿ, ಕುಮಟೆಯಿಂದ ಇನ್ನೂ ದೂರ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ದಕ್ಷಿಣಕ್ಕೆ ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಮಳೆಯಲ್ಲಿ ಬೈಂದೂರಿನ ಶಿರೂರು ಟೋಲಿನ ಬಳಿ ಉರುಳಿ ನಾಲ್ವರು ಅಸುನೀಗಿದರು. ಅದರ ಬೆನ್ನಿಗೇ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಮತ್ತೆ ಬೀದಿಗಿಳಿಯಿತು.