ಸಾರಥ್ಯವೂ ವಿಜಯವೂ

ಋಗ್ವೇದದ ಹತ್ತನೆಯ ಮಂಡಲದ 102ನೆಯ ಸೂಕ್ತದಲ್ಲಿ ಒಂದು ವಿಚಿತ್ರವಾದ ರಥಸ್ಪರ್ಧೆಯ ವೃತ್ತಾಂತವಿದೆ. ಮುದ್ಗಲನೆಂಬ ಋಷಿಯ ರಥಕ್ಕೆ ವೃಷಭವನ್ನೂ ಅದರ ಜೊತೆಗೆ ಒಂದು ಮರದ ಗದೆಯನ್ನೂ ಹೂಡಲಾಗಿತ್ತು; ಆ ರಥದ ಹಗ್ಗ ಹಿಡಿದವಳು ಅವನ ಪತ್ನಿಯಾದ ಮುದ್ಗಲಾನಿ. ವೇಗದಲ್ಲಿ ಅವಳ ವಸ್ತ್ರವು ಗಾಳಿಗೆ ಹಾರಿತೆಂದೂ ಅವಳು ಸಾವಿರ ಗೋವುಗಳನ್ನು ಗೆದ್ದಳೆಂದೂ ಸೂಕ್ತವು ಹೇಳುತ್ತದೆ. ಯಾಸ್ಕಾಚಾರ್ಯರು ನಿರುಕ್ತದಲ್ಲಿ ಈ ಇತಿಹಾಸವನ್ನೇ ಎತ್ತಿಕೊಂಡು, ವೃಷಭವನ್ನೂ ಗದೆಯನ್ನೂ ಹೂಡಿ ಸ್ಪರ್ಧೆಯನ್ನು ಗೆದ್ದವನು ಮುದ್ಗಲ ಋಷಿಯೆಂದು ಬರೆದರು. ಸಾರಥಿಯ ಹೆಸರು ಅಲ್ಲಿ ಬಿಟ್ಟುಹೋಯಿತು.

ಇದು ಒಂದೇ ಉದಾಹರಣೆಯಲ್ಲ. ದೇವಾಸುರ ಯುದ್ಧದಲ್ಲಿ ಗಾಯಗೊಂಡು ಪ್ರಜ್ಞೆ ತಪ್ಪಿದ ದಶರಥನನ್ನು ರಣರಂಗದಿಂದ ದೂರ ಸಾಗಿಸಿ ಉಳಿಸಿದವಳು ಕೈಕೇಯಿ. ಅವಳಿಗೆ ದೊರೆತದ್ದು ಎರಡು ವರಗಳು, ಆ ವರಗಳಿಂದ ಅಪಕೀರ್ತಿ. ಗ್ರೀಸ್ ದೇಶದಲ್ಲಿಯಾದರೋ ಇದಕ್ಕೆ ವಿಪರೀತವಾದುದು ನಡೆಯಿತು. ಸ್ಪಾರ್ಟಾದ ರಾಜಪುತ್ರಿ ಕಿನಿಸ್ಕಾ ಕ್ರಿ.ಪೂ. 396ರಲ್ಲಿಯೂ 392ರಲ್ಲಿಯೂ ಒಲಿಂಪಿಯದ ರಥಸ್ಪರ್ಧೆಯಲ್ಲಿ ಜಯಶಾಲಿನಿಯೆನಿಸಿದಳು. ಆದರೆ ಕುದುರೆಗಳು ಮಾತ್ರ ಅವಳವು, ಓಡಿಸಿದವರು ಬೇರೆಯವರು. ಒಬ್ಬಳಿಗೆ ಸಾರಥ್ಯವಿದ್ದು ವಿಜಯವಿಲ್ಲ, ಮತ್ತೊಬ್ಬಳಿಗೆ ವಿಜಯವಿದ್ದು ಸಾರಥ್ಯವಿಲ್ಲ. ಈ ಎರಡೂ ಒಂದೇ ಕೈಯಲ್ಲಿ ಕೂಡಿಬರುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದೇ ಈ ಲೇಖನದ ವಿಷಯ.

ಮೋಟಾರು ರಥಗಳ ಕಾಲ ಬಂದ ಮೇಲೂ ಬದಲಾವಣೆಯು ಮಂದಗತಿಯಲ್ಲಿಯೇ ಆಯಿತು. ಫಾರ್ಮುಲಾ ಒನ್ ಎಂಬ ಅಗ್ರಗಣ್ಯ ಪಂದ್ಯಮಾಲೆಯಲ್ಲಿ ಮೊದಲು ಸ್ಪರ್ಧಿಸಿದ ಸ್ತ್ರೀ ಇಟಲಿಯ ಮಾರಿಯಾ ತೆರೇಸಾ ದೆ ಫಿಲಿಪ್ಪಿಸ್. 1958ರ ಬೆಲ್ಜಿಯಂ ಪಂದ್ಯದಲ್ಲಿ ಆಕೆ ಹತ್ತನೆಯವರಾದರು. 1975ರಲ್ಲಿ ಬಾರ್ಸಿಲೋನಾ ನಗರದ ಮೊಂಜುಯಿಕ್ ಪಥದಲ್ಲಿ ಇಟಲಿಯವರೇ ಆದ ಲೆಲ್ಲಾ ಲೊಂಬಾರ್ಡಿ ಆರನೆಯ ಸ್ಥಾನ ಪಡೆದರು. ಅಪಘಾತದ ಕಾರಣ ಪಂದ್ಯವು ಅರ್ಧದಲ್ಲಿಯೇ ನಿಂತುದರಿಂದ ಅವರಿಗೆ ಸಂದದ್ದು ಅರ್ಧ ಅಂಕ. ಆ ಪಂದ್ಯಮಾಲೆಯಲ್ಲಿ ಅಂಕ ಗಳಿಸಿದ ಸ್ತ್ರೀ ಇಂದಿಗೂ ಅವರೊಬ್ಬರೇ.

ಸ್ತ್ರೀಯರಿಗಾಗಿಯೇ ಏಕಾಸನದ ಕಾರುಗಳ ಪಂದ್ಯಮಾಲೆಯೊಂದು ಹುಟ್ಟಿದ್ದು 2019ರಲ್ಲಿ. ಡಬ್ಲ್ಯು ಸೀರೀಸ್ ಎಂದು ಅದರ ಹೆಸರು. ಸ್ಪರ್ಧಿಗಳಿಂದ ಶುಲ್ಕವನ್ನು ತೆಗೆದುಕೊಳ್ಳದೆ ನಡೆಸಿದ ಈ ಮಾಲೆಯ ಮೊದಲ ಪಂದ್ಯವು ಮೇ 4ರಂದು ಜರ್ಮನಿಯ ಹಾಕೆನ್‌ಹೈಮಿನಲ್ಲಿ ನಡೆದು, ಇಂಗ್ಲೆಂಡಿನ ಜೇಮೀ ಚಾಡ್‌ವಿಕ್ ಗೆದ್ದರು. ಅದು ನಡೆದ ಮೂರು ವರ್ಷಗಳ ಪ್ರಶಸ್ತಿಯೂ ಅವರದೇ. ಆದರೆ 2022ರಲ್ಲಿ ಹಣವು ಸಾಲದೆ ಕೊನೆಯ ಪಂದ್ಯಗಳೇ ರದ್ದಾದುವು. ಬಿಟ್ಟಿ ವಿದ್ಯೆಗೆ ಧರ್ಮದತ್ತಿ ಬೇಕು. ದತ್ತಿ ನಿಂತರೆ ಪಾಠಶಾಲೆ ಮುಚ್ಚುತ್ತದೆ. ಪಾಠಶಾಲೆಯ ಅನ್ನವನ್ನು ಉಂಡವನಾದ ನನಗೆ ಇದರಲ್ಲಿ ಆಶ್ಚರ್ಯವೇನೂ ತೋರಲಿಲ್ಲ.

ಅನಂತರ ಫಾರ್ಮುಲಾ ಒನ್ ಸಂಸ್ಥೆಯೇ ಮುಂದೆ ಬಂದು ಎಫ್ ಒನ್ ಅಕಾಡೆಮಿಯೆಂಬ ಕಿರಿಯರ ಮಾಲೆಯನ್ನು ಸ್ಥಾಪಿಸಿತು. ಇದರ ಪ್ರಥಮ ಕೂಟವು 2023ರ ಏಪ್ರಿಲ್ 28 ಮತ್ತು 29ರಂದು ಆಸ್ಟ್ರಿಯಾದ ಶ್ಪೀಲ್‌ಬರ್ಗಿನಲ್ಲಿ ಸೇರಿತು. ಐದು ತಂಡಗಳು, ಹದಿನೈದು ಮಂದಿ ಯುವತಿಯರು. ಒಬ್ಬೊಬ್ಬರೂ ತರಬೇಕಾದ ಮೊತ್ತ 1,50,000 ಯೂರೋ. ಅಷ್ಟನ್ನೇ ಸಂಸ್ಥೆಯೂ ಹಾಕಿತು. ಸ್ಪೇನಿನ ಮಾರ್ತಾ ಗಾರ್ಸಿಯಾ ಮೊದಲ ಪಂದ್ಯವನ್ನು ಗೆದ್ದು, ವರ್ಷಾಂತ್ಯದಲ್ಲಿ ಪ್ರಶಸ್ತಿಯನ್ನೂ ಪಡೆದರು.

ಎಲ್ಲರ ಕಾರೂ ಒಂದೇ ಬಗೆಯದು: ಇಟಲಿಯ ಟಟೂಸ್ ಕಾರ್ಖಾನೆಯ ಚಾಸಿ, 165 ಅಶ್ವಶಕ್ತಿಯ ಎಂಜಿನ್. ಇದರ ಮರ್ಮವನ್ನು ಹರಿಹರದ ಮನೆಗಳಲ್ಲಿ ಬಿಡಿಸಿ ಹೇಳಬೇಕಾದುದಿಲ್ಲ. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳನ್ನು ತಯಾರಿಸುತ್ತಿದ್ದ ಕಾಲವನ್ನು ಬಲ್ಲ ಹಿರಿಯರು ಅಲ್ಲಿದ್ದಾರೆ. ಒಂದೇ ಬಗೆಯ ಲೇತಿನ ಮುಂದೆ ಇಬ್ಬರನ್ನು ನಿಲ್ಲಿಸಿದರೆ, ಯಂತ್ರದ ಮೇಲೆ ದೋಷ ಹೊರಿಸುವ ದಾರಿ ಮುಚ್ಚಿ, ಕೈಯ ಗುಣವೊಂದೇ ಕಾಣುತ್ತದೆಯಷ್ಟೆ.

ಎರಡನೆಯ ವರ್ಷದ ಆರಂಭದ ಕೂಟವನ್ನು ನಾನು ಹೆಚ್ಚು ಮುಖ್ಯವೆಂದು ಎಣಿಸುತ್ತೇನೆ. ಅದು 2024ರ ಮಾರ್ಚ್ 7ರಿಂದ 9ರವರೆಗೆ ಸೌದಿ ಅರೇಬಿಯದ ಜೆಡ್ಡಾ ನಗರದಲ್ಲಿ, ಕಡಲ ದಡದ 6.174 ಕಿಲೋಮೀಟರಿನ ಪಥದಲ್ಲಿ, ಫಾರ್ಮುಲಾ ಒನ್ ಪಂದ್ಯದೊಡನೆಯೇ ನಡೆಯಿತು. ಸ್ಥಳವನ್ನು ವಾಚಕರು ಗಮನಿಸಬೇಕು. ಆ ದೇಶದಲ್ಲಿ 1990ರ ನವೆಂಬರಿನಲ್ಲಿ 47 ಮಂದಿ ಸ್ತ್ರೀಯರು ರಿಯಾದ್ ನಗರದ ಬೀದಿಗಳಲ್ಲಿ ತಾವೇ ಕಾರು ನಡೆಸಿದುದಕ್ಕಾಗಿ ಪೊಲೀಸರ ವಶವಾದರು. ಸ್ತ್ರೀಯರು ವಾಹನ ನಡೆಸಬಾರದೆಂಬ ನಿಷೇಧವು ತೆರವಾದುದು 2018ರ ಜೂನ್ 24ರಂದು. ಆರು ವರ್ಷ ತುಂಬುವುದರೊಳಗೆ, ಜೆಡ್ಡಾದಲ್ಲಿಯೇ ಹುಟ್ಟಿದ ರೀಮಾ ಜುಫಾಲಿ ಅತಿಥಿ ಸ್ಪರ್ಧಿಯಾಗಿ ಈ ಕೂಟದಲ್ಲಿ ಓಡಿಸಿದರು. ಅವರ ಕೈಗೆ ಸಿಕ್ಕಿದ ಸ್ಥಾನವು ಯಾವುದೇ ಆಗಲಿ, ನನ್ನ ಲೆಕ್ಕದಲ್ಲಿ ಅದು ಗೌಣ.

ಪಂದ್ಯಗಳಲ್ಲಿಯೂ ಸ್ವಾರಸ್ಯವಿತ್ತು. ಫ್ರಾನ್ಸಿನ ಡೋರಿಯಾನ್ ಪ್ಯಾಂ ಮೊದಲನೆಯದನ್ನು ಗೆದ್ದರು. ಎರಡನೆಯದರಲ್ಲಿಯೂ ಗುರಿಯನ್ನು ಮೊದಲು ಮುಟ್ಟಿದವರು ಅವರೇ. ಆದರೆ ಪಂದ್ಯ ಮುಗಿದುದನ್ನು ಸೂಚಿಸುವ ಚೌಕಳಿ ಬಾವುಟವು ಅವರ ಕಣ್ಣಿಗೆ ಬೀಳಲಿಲ್ಲ. ಅದೇ ವೇಗದಲ್ಲಿ ಇನ್ನೊಂದು ಸುತ್ತು ಓಡಿಸಿಬಿಟ್ಟರು! ಪಂಚಾಯ್ತರು ಇಪ್ಪತ್ತು ಸೆಕೆಂಡುಗಳ ದಂಡವನ್ನು ವಿಧಿಸಲು, ಜಯವು ಇಂಗ್ಲೆಂಡಿನ ಆಬ್ಬಿ ಪುಲ್ಲಿಂಗ್ ಅವರಿಗೆ ಸೇರಿತು. ಗೆದ್ದವಳ ಹೆಸರನ್ನು ಅಳಿಸಿದರೂ ಆ ಜಾಗದಲ್ಲಿ ಬರೆದದ್ದು ಮತ್ತೊಬ್ಬ ಸಾರಥಿನಿಯ ಹೆಸರನ್ನೇ. ಯಾಸ್ಕರ ಕಾಲಕ್ಕೂ ಇದಕ್ಕೂ ಇರುವ ಅಂತರವು ಅಷ್ಟು.

ಸ್ತ್ರೀಯರಿಗೆ ಪ್ರತ್ಯೇಕ ಪಂಕ್ತಿಯೇತಕ್ಕೆ ಎಂಬ ಆಕ್ಷೇಪಣೆಯನ್ನು ಕೆಲವರು ಎತ್ತುತ್ತಾರೆ. ಆಕ್ಷೇಪಣೆಯಲ್ಲಿ ಹುರುಳಿದೆ. ಫಾರ್ಮುಲಾ ಒನ್ ಪರವಾನಗಿಗೆ ಮೂರು ವರ್ಷಗಳಲ್ಲಿ ಗಳಿಸಬೇಕಾದ ಅಂಕಗಳು 40. ಅಕಾಡೆಮಿಯ ಪ್ರಶಸ್ತಿಯನ್ನೇ ಗೆದ್ದರೂ ದೊರೆಯುವುದು 10. ಮಾಲೆಯೇ ಕೊನೆಯ ನೆಲೆಯಾದರೆ ಅದು ಅಲಂಕಾರದ ಸೆರೆಮನೆಯಾದೀತು. ಆದರೆ ಇಲ್ಲಿ ಯಾರೂ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇರಕೂಡದೆಂಬ ನಿಯಮವನ್ನು ಮಾಡಿದುದು ವಿವೇಕದ ಕಾರ್ಯವೆಂದೇ ನನ್ನ ಅಭಿಪ್ರಾಯ. ಇಷ್ಟಕ್ಕೂ ಬೆರಕೆಯ ಪಂದ್ಯಗಳ ಬಾಗಿಲು ತೆರೆದೇ ಇದ್ದ ಅಷ್ಟು ವರ್ಷಗಳಲ್ಲಿ ಒಳಹೊಕ್ಕವರು ಬೆರಳೆಣಿಕೆಯವರು. ಹಣ ಕೊಡುವವರು ಗಂಡುಮಕ್ಕಳನ್ನೇ ಆರಿಸುತ್ತಿದ್ದರು.

ಈ ಏಕಾಸನದ ಮಾಲೆಯಲ್ಲಿ ಅಲ್ಲದಿದ್ದರೂ ಮೋಟಾರು ವಿದ್ಯೆಯಲ್ಲಿ ಕನ್ನಡನಾಡು ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮೋಟಾರು ಸೈಕಲ್ಲಿನ ಬಾಹಾ ವಿಶ್ವಕಪ್ಪಿನ ಸ್ತ್ರೀವಿಭಾಗವನ್ನು ಗೆದ್ದು ಬಂದರು. ಮರುಭೂಮಿ, ಕಲ್ಲುದಾರಿ, ಕೆಸರುಗಳಲ್ಲಿ ನಡೆಯುವ ದೂರದ ಓಟವದು.

ಇತ್ತ ಪುಲ್ಲಿಂಗ್ 2024ರ ಪ್ರಶಸ್ತಿಯನ್ನು ಪಡೆದು, ಅದರ ಬಹುಮಾನವಾಗಿ ವೆಚ್ಚವೆಲ್ಲ ಭರಿಸಲ್ಪಟ್ಟ ಸ್ಥಾನವೊಂದನ್ನು ಜಿಬಿ 3 ಎಂಬ ಬೆರಕೆಯ ಮಾಲೆಯಲ್ಲಿ ಗಳಿಸಿ, 2025ರಲ್ಲಿ ಗಂಡಸರೊಡನೆ ಓಡಿಸಿದರು. ಜೆಡ್ಡಾದಲ್ಲಿ ಬಾವುಟವನ್ನು ಕಾಣದೆ ಹೋದ ಪ್ಯಾಂ ಅದೇ 2025ರಲ್ಲಿ ಅಕಾಡೆಮಿಯ ಪ್ರಶಸ್ತಿಯನ್ನು ಗೆದ್ದರು.