ನಾಳೆಯ ಅನ್ನ, ಇವತ್ತಿನ ಕೈ

ರಾಜರು ಗೆದ್ದ ಯುದ್ಧಗಳನ್ನೆಲ್ಲ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆ ಯುದ್ಧಕ್ಕೆ ಹೊರಟ ದಂಡಿಗೆ ಹಿಂದಿನ ರಾತ್ರಿ ಕೂತು ಬುತ್ತಿ ಕಟ್ಟಿದವರು ಯಾರು? ಅವರು ಎಷ್ಟು ಹೊತ್ತಿಗೆ ಮಲಗಿದರು? ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದದ್ದಿಲ್ಲ. ಒಲೆಯ ಮುಂದೆ ಕೂತವರಿಗೆ ಚರಿತ್ರೆ ಇಲ್ಲ ಅಂತ ಉಳ್ಳವರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಅದಕ್ಕೇ ನಾವಿಲ್ಲಿ ಒಂದು ಮಡಕೆಯ ಚರಿತ್ರೆ ಹೇಳಲು ಹೊರಟಿದ್ದೇವೆ.

ಈ ಮಡಕೆ ಅಮೆರಿಕದ್ದು. ಅಲ್ಲಿ ಅದಕ್ಕೆ ಸ್ಲೋ ಕುಕ್ಕರ್ ಎನ್ನುತ್ತಾರೆ. ಪಿಂಗಾಣಿಯಂಥ ಒಂದು ದಪ್ಪ ಪಾತ್ರೆ, ಅದರ ಸುತ್ತ ಕರೆಂಟಿನಿಂದ ಕಾಯುವ ತಂತಿ, ಮೇಲೊಂದು ಗಾಜಿನ ಮುಚ್ಚಳ. ಬೆಳಿಗ್ಗೆ ಮಾಂಸ, ತರಕಾರಿ, ನೀರು ಹಾಕಿ ಸ್ವಿಚ್ಚು ಒತ್ತಿ ಕೆಲಸಕ್ಕೆ ಹೋದರೆ, ಎಂಟು ಹತ್ತು ಗಂಟೆ ಸಣ್ಣಗೆ ಬೆಂದು, ಸಂಜೆಗೆ ಊಟ ತಯಾರು. ಇದರ ಜೊತೆಗೆ ಇನ್ನೊಂದು ರೂಢಿಯೂ ಅಲ್ಲಿ ಬೆಳೆದಿದೆ. ರಜೆಯ ದಿನ ಕೂತು ಹದಿನೈದು ದಿನ, ತಿಂಗಳು ಅಂತ ಅಡುಗೆಗೆ ಬೇಕಾದದ್ದನ್ನೆಲ್ಲ ಹೆಚ್ಚಿ, ಮಸಾಲೆ ಬೆರೆಸಿ, ಚೀಲಗಳಿಗೆ ತುಂಬಿ, ಮೇಲೆ ತಾರೀಖು ಬರೆದು ಫ್ರೀಜರಿನಲ್ಲಿ ಜೋಡಿಸುವುದು. ಹಿಂದಿನ ರಾತ್ರಿ ಒಂದು ಚೀಲ ತೆಗೆದು ಕರಗಲು ಬಿಟ್ಟು, ಬೆಳಿಗ್ಗೆ ಮಡಕೆಗೆ ಸುರಿಯುವುದು.

ನಮ್ಮ ಹಟ್ಟಿಗೂ ಇದಕ್ಕೂ ಏನು ಸಂಬಂಧ ಅಂತ ಗೆಳೆಯರು ಕೇಳಬಹುದು. ಸ್ವಲ್ಪ ತಾಳಿ. ನಾಳೆಯ ಅನ್ನವನ್ನು ಇವತ್ತೇ ಮಾಡಿಡುವ ವಿದ್ಯೆ ಅಮೆರಿಕದ ಕಂಪನಿಗಳು ಹುಟ್ಟಿಸಿದ್ದಲ್ಲ. ತಮ್ಮ ಹೊತ್ತು ತಮ್ಮ ಕೈಲಿಲ್ಲದವರು ಎಲ್ಲೆಲ್ಲಿ ಬದುಕಿದರೋ ಅಲ್ಲೆಲ್ಲ ಅದು ಹುಟ್ಟಿದೆ.

ಕತೆ ಪೂರ್ವ ಯೂರೋಪಿನ ವಿಲ್ನಾ ಎಂಬ ಊರಿನಿಂದ ಶುರುವಾಗುತ್ತದೆ. ಇವತ್ತು ಅದು ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್. ಅಲ್ಲಿ ಯಹೂದಿಗಳ ದೊಡ್ಡ ಕೇರಿಗಳಿದ್ದವು. ಶುಕ್ರವಾರ ಹೊತ್ತು ಮುಳುಗಿದ ಮೇಲೆ ಶನಿವಾರ ರಾತ್ರಿಯಾಗುವವರೆಗೆ ಬೆಂಕಿ ಹೊತ್ತಿಸಬಾರದು, ಕೆಲಸ ಮಾಡಬಾರದು ಎಂಬುದು ಅವರ ಧರ್ಮದ ಕಟ್ಟಳೆ. ಮನೆಯ ಆಳಿಗೂ ಆ ದಿನ ಬಿಡುವು ಕೊಡಬೇಕೆಂದು ಆ ಕಟ್ಟಳೆ ಹೇಳುತ್ತದೆ. ಆದರೆ ಶನಿವಾರ ಹೊಟ್ಟೆಗೆ ಬಿಡುವಿಲ್ಲವಲ್ಲ! ಅದಕ್ಕೆ ಹೆಂಗಸರು ಶುಕ್ರವಾರವೇ ಕಾಳು, ಗೋಧಿ ಜಾತಿಯ ಧಾನ್ಯ, ಆಲೂಗಡ್ಡೆ, ಸಿಕ್ಕರೆ ಒಂದು ತುಂಡು ಮಾಂಸ ಹಾಕಿ ಮಡಕೆಯ ಬಾಯಿ ಮುಚ್ಚುತ್ತಿದ್ದರು. ಬ್ರೆಡ್ಡು ಸುಡುವವನ ದೊಡ್ಡ ಒಲೆಗೆ ಕೇರಿಯ ಮಡಕೆಗಳೆಲ್ಲ ಹೋಗುತ್ತಿದ್ದವು. ಆರುತ್ತಿರುವ ಒಲೆಯ ಕಾವಿನಲ್ಲೇ ಇಡೀ ರಾತ್ರಿ ಬೆಂದು, ಮಾರನೆಯ ದಿನ ಬಿಸಿಬಿಸಿಯಾಗಿ ಮನೆಗೆ ಬರುತ್ತಿದ್ದವು. ಈ ಅಡುಗೆಯ ಹೆಸರು ಚೋಲೆಂಟ್. ಶನಿವಾರದ ಬಿಡುವು ಎಲ್ಲರದು. ಅದಕ್ಕಾಗಿ ಶುಕ್ರವಾರ ಎರಡು ದಿನದ ಕೆಲಸ ಮಾಡಿದ ಕೈ ಮಾತ್ರ ಹೆಂಗಸಿನದು.

ಆ ಕೇರಿಗಳಿಂದ ಅಮೆರಿಕಕ್ಕೆ ವಲಸೆ ಹೋದ ಕುಟುಂಬವೊಂದರಲ್ಲಿ 1902ರಲ್ಲಿ ಹುಟ್ಟಿದವನು ಇರ್ವಿಂಗ್ ನಾಕ್ಸನ್. ಓದಿ ಎಂಜಿನಿಯರ್ ಆದ. ಮನೆಯ ಹಿರಿಯ ಹೆಣ್ಣುಮಗಳು ಹೇಳಿದ ವಿಲ್ನಾದ ಒಲೆಯ ಕತೆ ಅವನ ತಲೆಯಲ್ಲಿ ಉಳಿದಿತ್ತು. ಮಡಕೆಯನ್ನು ಒಲೆಗೆ ಕಳಿಸುವ ಬದಲು ಒಲೆಯನ್ನೇ ಮಡಕೆಗೆ ಸುತ್ತಿದರೆ ಹೇಗೆ ಎಂದು ಯೋಚಿಸಿ ಯಂತ್ರ ಮಾಡಿದ. 1940ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಮರುವರ್ಷ, 1941ರಲ್ಲಿ, ನಾಜಿಗಳು ವಿಲ್ನಾಕ್ಕೆ ನುಗ್ಗಿದರು. ಊರ ಪಕ್ಕದ ಪೊನಾರಿ ಕಾಡಿನಲ್ಲಿ ಹತ್ತಾರು ಸಾವಿರ ಯಹೂದಿಗಳನ್ನು ಗುಂಡಿಟ್ಟು ಕೊಂದರು. ಮಡಕೆಗಳನ್ನು ಒಲೆಗೆ ಕಳಿಸುತ್ತಿದ್ದ ಕೇರಿಗಳೇ ಇಲ್ಲವಾದವು. ಅವರ ವಿದ್ಯೆ ಮಾತ್ರ ಯಂತ್ರದೊಳಗೆ ಉಳಿಯಿತು. ಅಂಗಡಿಯಲ್ಲಿ ಅದನ್ನು ಕೊಳ್ಳುವವರಿಗೆ ಇದು ಗೊತ್ತಿರುವುದು ಅಪರೂಪ.

ನಾಕ್ಸನ್ನನ ಮಡಕೆ ಮೂವತ್ತು ವರ್ಷ ದೊಡ್ಡ ಹೆಸರೇನೂ ಮಾಡಲಿಲ್ಲ. ಆ ಕಾಲದ ಅಮೆರಿಕದ ಸ್ಥಿತಿವಂತರ ಅಡುಗೆಮನೆಗೆ, ಅದರಲ್ಲೂ ದಕ್ಷಿಣದ ರಾಜ್ಯಗಳ ಅಡುಗೆಮನೆಗೆ ಇಣುಕಿದರೆ ಅಲ್ಲಿ ಒಲೆ ಕಾಯಲು ಬೇರೆಯೇ ಕೈಗಳಿದ್ದದ್ದು ಕಾಣುತ್ತದೆ. ಅವು ಕಪ್ಪು ಹೆಂಗಸರ ಕೈಗಳು. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯಿತು, ಬಿಳಿಯರ ಅಡುಗೆಮನೆಯಿಂದ ಹೋಗಲಿಲ್ಲ. 1940ರಲ್ಲಿ ಕೂಡ ದುಡಿಯುವ ಕಪ್ಪು ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪರರ ಮನೆಗೆಲಸದಲ್ಲಿದ್ದರು. ಹೊತ್ತು ಮೂಡೋಕೆ ಮುಂಚೆ ಹೋಗಿ ರಾತ್ರಿ ಮನೆಗೆ ಬರುತ್ತಿದ್ದವರಿಗೆ ಕೂಲಿ ಅಷ್ಟಕ್ಕಷ್ಟೆ. ಅದಕ್ಕೆ ಯಜಮಾನರ ಊಟವಾದ ಮೇಲೆ ಉಳಿದದ್ದನ್ನು ಒಂದು ಪಾತ್ರೆಗೆ ಹಾಕಿಕೊಂಡು ಮನೆಗೆ ಒಯ್ಯುವ ರೂಢಿ ಬೆಳೆಯಿತು. ಸರ್ವಿಸ್ ಪ್ಯಾನ್ ಎಂದು ಅದಕ್ಕೆ ಹೆಸರೇ ಇತ್ತು. ಪಾತ್ರೆ ಒಯ್ಯುತ್ತಾಳಲ್ಲ, ಕೂಲಿ ಯಾಕೆ ಹೆಚ್ಚು ಕೊಡಬೇಕು ಎಂದರು ಕೆಲವು ಯಜಮಾನರು. ಇದು ಕಳ್ಳತನ ಎಂದರು ಇನ್ನು ಕೆಲವರು. ಇದು ನಮ್ಮ ಕೂಲಿಯ ಪಾಲು ಎಂದರು ಆ ಹೆಂಗಸರು.

ಇಲ್ಲಿಗೆ ಬಂದಾಗ ನಮಗೆ ನಮ್ಮ ಹಟ್ಟಿ ಕಾಣತೊಡಗುತ್ತದೆ. ಗೌಡರ ಮನೆಯ ಕೊಟ್ಟಿಗೆ ಬಾಚಿ, ಸಗಣಿ ಹೊತ್ತು, ಹಿತ್ತಲ ಬಾಗಿಲಲ್ಲಿ ನಿಂತು ಸೆರಗೊಡ್ಡಿದ ಅವ್ವಂದಿರು ತಂದ ತಂಗ್ಳು ಅದೇ ಅಲ್ಲವೇ? ಶೂದ್ರನಿಗೆ ಉಂಡು ಉಳಿದ ಅನ್ನ ಕೊಡಬೇಕು, ಹಳೆಯ ಬಟ್ಟೆ ಕೊಡಬೇಕು ಎಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ಶಾಸನ ಮಾಡಿತು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಸುಟ್ಟದ್ದು ಈ ಶಾಸನವನ್ನೇ. ಅಮೆರಿಕದಲ್ಲಿ ಬಣ್ಣದ ಹೆಸರು, ಇಲ್ಲಿ ಜಾತಿಯ ಹೆಸರು. ಉಳಿದ ಅನ್ನದ ಲೆಕ್ಕ ಎರಡೂ ಕಡೆ ಒಂದೇ.

ಆದರೆ ನಮ್ಮಲ್ಲಿ ಇನ್ನೊಂದು ತಂಗ್ಳೂ ಉಂಟು. ಅದನ್ನೂ ಇದನ್ನೂ ಒಂದೇ ಮಾಡಬಾರದು. ನಾಳೆ ನಸುಕಿಗೆ ಕಳೆ ಕೀಳೋಕೆ ಹೋಗಬೇಕು ಎಂದು ರಾತ್ರಿಯೇ ಒಂದು ಮುದ್ದೆ ಹೆಚ್ಚಿಗೆ ತಿರುವಿ ಇಟ್ಟು, ಬೆಳಿಗ್ಗೆ ಅದನ್ನು ಮಜ್ಜಿಗೆಯಲ್ಲಿ ಕಿವುಚಿ ಈರುಳ್ಳಿ ಕಚ್ಚಿ ಕುಡಿದು ಹೋಗುವ ತಂಗ್ಳು. ರಾತ್ರಿ ಕಾಸಿ ಹುಳಿ ಬರಲು ಬಿಟ್ಟ ಅಂಬಲಿ. ಉತ್ತರ ಕರ್ನಾಟಕದ ತಾಯಂದಿರು ಬಡಿದು ಒಣಗಿಸಿ ಪೇರಿಸಿಡುವ ಖಡಕ್ ರೊಟ್ಟಿ. ವಾರಗಟ್ಟಲೆ ಕೆಡದ ಆ ರೊಟ್ಟಿಯ ಗಂಟು ಗುಳೆ ಹೋಗುವವರ ಜೊತೆ ಬೆಂಗಳೂರು, ಗೋವಾ ನೋಡಿದೆ. ಇದು ಭಿಕ್ಷೆಯಲ್ಲ. ಇದು ನಮ್ಮ ಜನ ತಮ್ಮ ಹೊತ್ತನ್ನು ತಾವೇ ಉಳಿಸಿಕೊಳ್ಳಲು ಕಂಡುಕೊಂಡ ವಿಜ್ಞಾನ. ಅನ್ನ ಹಳೆಯದಾದದ್ದರಲ್ಲಿ ಅವಮಾನವಿಲ್ಲ. ಒಬ್ಬನ ಎಂಜಲು ಇನ್ನೊಬ್ಬಳ ಕೂಲಿಯಾದದ್ದರಲ್ಲಿ ಅವಮಾನವಿದೆ.

ಮತ್ತೆ ಅಮೆರಿಕದ ಕತೆಗೆ ಬರೋಣ. ಮಡಕೆಯ ಜೊತೆಗಾರ ಫ್ರೀಜರಿನ ಚರಿತ್ರೆಯಲ್ಲೂ ಹೆಸರಿಲ್ಲದವರ ವಿದ್ಯೆಯೇ ಇದೆ. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕನ್ 1912ರ ನಂತರ ಕೆಲವು ವರ್ಷ ಕೆನಡಾದ ಲ್ಯಾಬ್ರಡಾರ್ ಸೀಮೆಯಲ್ಲಿದ್ದ. ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನ ಹಿಡಿದ ಮೀನು ಕೊರೆಯುವ ಗಾಳಿಗೆ ಕ್ಷಣದಲ್ಲಿ ಹೆಪ್ಪುಗಟ್ಟುವುದನ್ನೂ, ತಿಂಗಳ ಮೇಲೆ ಕರಗಿಸಿ ಬೇಯಿಸಿದರೂ ಅದರ ರುಚಿ ಕೆಡದಿರುವುದನ್ನೂ ನೋಡಿದ. ಬೇಗ ಹೆಪ್ಪುಗಟ್ಟಿದರೆ ಒಳಗಿನ ಮಂಜಿನ ಹರಳು ಸಣ್ಣದಾಗುತ್ತದೆ, ಮಾಂಸದ ಎಳೆ ಹರಿಯುವುದಿಲ್ಲ. ಇನ್ಯೂಟರು ಇದನ್ನು ತಲೆತಲಾಂತರದಿಂದ ಬಲ್ಲವರು. ಬರ್ಡ್ಸ್‌ಐ ಊರಿಗೆ ಮರಳಿ ಯಂತ್ರ ಮಾಡಿದ, ಪೇಟೆಂಟ್ ಪಡೆದ, 1929ರಲ್ಲಿ ಕಂಪನಿಯನ್ನೂ ಪೇಟೆಂಟುಗಳನ್ನೂ 2 ಕೋಟಿ 20 ಲಕ್ಷ ಡಾಲರಿಗೆ ಮಾರಿದ. 1930ರಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಮಾಂಸ, ಬಟಾಣಿ, ಮೀನು ಮಾರಾಟಕ್ಕೆ ಬಂದವು. ಅಂಥ ಮಾಲನ್ನು ಲಾರಿಯಲ್ಲಿ ಕೆಡದಂತೆ ದೂರ ಸಾಗಿಸುವ ತಂಪು ಯಂತ್ರವನ್ನು 1930ರ ದಶಕದ ಕೊನೆಯಲ್ಲಿ ಕಟ್ಟಿದವನು ಫ್ರೆಡರಿಕ್ ಮೆಕಿನ್ಲಿ ಜೋನ್ಸ್. ತಾನೇ ಓದಿ ಕಲಿತ ಕಪ್ಪು ಮನುಷ್ಯ. ಅವನು 1961ರಲ್ಲಿ ತೀರಿಕೊಂಡ. ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಅವನ ಹೆಸರಿಗೆ ಬಂದದ್ದು 1991ರಲ್ಲಿ.

ಅತ್ತ ಅಡುಗೆಮನೆಯ ಕಪ್ಪು ಹೆಂಗಸರೂ ಸುಮ್ಮನಿರಲಿಲ್ಲ. 1935ರಲ್ಲಿ ಅಮೆರಿಕ ವೃದ್ಧಾಪ್ಯ ಪಿಂಚಣಿಯ ಕಾನೂನು ಮಾಡಿದಾಗ ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಹೊರಗಿಟ್ಟಿತು. 1938ರ ಕನಿಷ್ಠ ಕೂಲಿ ಕಾನೂನಿನಿಂದಲೂ ಅವರು ಹೊರಗೇ. ಅಟ್ಲಾಂಟಾದ ಡೊರತಿ ಬೋಲ್ಡನ್ ಒಂಬತ್ತು ವರ್ಷದ ಹುಡುಗಿಯಾಗಿದ್ದಾಗಲೇ ಮನೆಗೆಲಸಕ್ಕೆ ನಿಂತವಳು. ಕೆಲಸಕ್ಕೆ ಹೋಗುವ ಹೆಂಗಸರು ತುಂಬಿದ ಸಿಟಿ ಬಸ್ಸುಗಳೇ ಅವಳ ಸಭಾಂಗಣ. ಬಸ್ಸಿಂದ ಬಸ್ಸಿಗೆ ಹತ್ತಿ ಮಾತಾಡಿ 1968ರಲ್ಲಿ ಮನೆಗೆಲಸದವರ ಸಂಘ ಕಟ್ಟಿದಳು. ಸದಸ್ಯೆಯಾಗುವವಳು ಮತದಾರರ ಪಟ್ಟಿಗೆ ಹೆಸರು ಹಚ್ಚಲೇಬೇಕು ಎಂಬುದು ಅವಳ ನಿಯಮ. ಇಂಥ ಹೋರಾಟಗಳ ಒತ್ತಡದಿಂದ 1974ರಲ್ಲಿ ಕನಿಷ್ಠ ಕೂಲಿ ಕಾನೂನು ಮನೆಗೆಲಸದವರಿಗೂ ಬಂತು. ಅಷ್ಟರಲ್ಲಿ ಬೇರೆ ಕೆಲಸಗಳ ಬಾಗಿಲು ತೆರೆದು ಕಪ್ಪು ಹೆಂಗಸರು ಪರರ ಒಲೆ ಬಿಟ್ಟು ಹೊರಬರುತ್ತಿದ್ದರು. ಬಿಳಿಯ ಗೃಹಿಣಿಯರೂ ಸಂಬಳದ ಕೆಲಸಕ್ಕೆ ಹೊರಟಿದ್ದರು. 1970ರಲ್ಲಿ ಅಮೆರಿಕದ ವಯಸ್ಕ ಹೆಂಗಸರಲ್ಲಿ ನೂರಕ್ಕೆ 43 ಮಂದಿ ದುಡಿಮೆಗೆ ಬಂದಿದ್ದರೆ 1980ಕ್ಕೆ 51 ದಾಟಿತು.

ಮಡಕೆಗೆ ಕಾಲ ಕೂಡಿಬಂದದ್ದು ಆಗ. ನಾಕ್ಸನ್ನನ ಕಂಪನಿಯನ್ನು ಕೊಂಡ ರೈವಲ್ ಎಂಬ ಕಂಪನಿ 1971ರಲ್ಲಿ ಅದನ್ನು ಕ್ರಾಕ್‌ಪಾಟ್ ಎಂಬ ಹೊಸ ಹೆಸರಿನಿಂದ ಮಾರುಕಟ್ಟೆಗೆ ಬಿಟ್ಟಿತು. ಅಡುಗೆಯವಳು ಮನೆಯಲ್ಲಿಲ್ಲದಾಗಲೂ ಅಡುಗೆ ಆಗುತ್ತಿರುತ್ತದೆ ಎಂಬುದು ಅದರ ಜಾಹೀರಾತಿನ ಸಾರ. ಆ ವರ್ಷ 20 ಲಕ್ಷ ಡಾಲರಿನಷ್ಟಿದ್ದ ವ್ಯಾಪಾರ 1975ರಲ್ಲಿ 9 ಕೋಟಿ 30 ಲಕ್ಷಕ್ಕೆ ಏರಿತು. ಬಡ ಮನೆಗಳಿಗೂ ಅದರಿಂದ ಉಪಯೋಗವಾಯಿತು ಎನ್ನುವುದು ಸುಳ್ಳಲ್ಲ. ಅಗ್ಗದ ಗಟ್ಟಿ ಮಾಂಸ ಕೂಡ ಸಣ್ಣ ಕಾವಿನಲ್ಲಿ ಬೆಣ್ಣೆಯ ಹಾಗೆ ಬೇಯುತ್ತದೆ, ಕರೆಂಟೂ ಕಡಿಮೆ ಸಾಕು.

ಆದರೆ ತಾನಾಗೇ ಅಡುಗೆ ಆಗುತ್ತದೆ ಎಂಬ ಮಾತಿದೆಯಲ್ಲ, ಅದನ್ನು ನಾವು ಒಪ್ಪುವುದಿಲ್ಲ. ಮಾಂಸ ತಂದು ತೊಳೆದವರು ಯಾರು? ಚೀಲದ ಮೇಲೆ ತಾರೀಖು ಬರೆದವರು ಯಾರು? ಹೆಪ್ಪುಗಟ್ಟಿದ್ದನ್ನು ಹಾಗೇ ಮಡಕೆಗೆ ಹಾಕಿದರೆ ಕಾವು ಏರುವಷ್ಟರಲ್ಲಿ ಕ್ರಿಮಿ ಬೆಳೆಯುತ್ತವೆ ಎಂದು ನೆನಪಿಟ್ಟು ರಾತ್ರಿಯೇ ಕರಗಲು ತೆಗೆದಿಟ್ಟವರು ಯಾರು? ನೆನೆಸಿದ ರಾಜ್ಮಾ ಕಾಳನ್ನು ಮೊದಲು ಹತ್ತು ನಿಮಿಷ ಕೊತಕೊತ ಕುದಿಸದೆ ಈ ಮಡಕೆಗೆ ಹಾಕಿದರೆ ಅದರ ನಂಜು ಹೋಗದೆ ವಾಂತಿಭೇದಿ ಆಗುತ್ತದೆ. ಅದನ್ನು ತಿಳಿದಿದ್ದವರು ಯಾರು? ಯಂತ್ರಕ್ಕೆ ಇದು ಯಾವುದೂ ಗೊತ್ತಿಲ್ಲ.

ಲೆಕ್ಕವೂ ಇದನ್ನೇ ಹೇಳುತ್ತದೆ. ಜೋನ್ ವಾನೆಕ್ ಎಂಬ ಸಂಶೋಧಕಿ 1974ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೊರಗೆ ದುಡಿಯದ ಅಮೆರಿಕದ ಗೃಹಿಣಿ 1920ರ ದಶಕದಲ್ಲಿ ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದಳು. ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ ಎಲ್ಲ ಬಂದ ಮೇಲೆ 1960ರ ದಶಕದಲ್ಲಿ ಅದು 55 ಗಂಟೆ! ಯಂತ್ರ ಉಳಿಸಿದ ಹೊತ್ತನ್ನು ಮನೆಯ ಹೊಸ ಹೊಸ ನಿರೀಕ್ಷೆಗಳು ನುಂಗಿದವು ಎಂದು ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಪುಸ್ತಕ ಬರೆದು ತೋರಿಸಿದಳು. ಹೊರಗೆ ದುಡಿದು ಬಂದವಳಿಗೆ ಮನೆಯಲ್ಲಿ ಎರಡನೆಯ ಪಾಳಿ ಕಾದಿರುತ್ತದೆ ಎಂದು 1989ರಲ್ಲಿ ಬರೆದವಳು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್. ಭಾನುವಾರ ಫ್ರೀಜರ್ ತುಂಬಿಸುವುದು ಆ ಎರಡನೆಯ ಪಾಳಿಯನ್ನು ರಜೆಯ ದಿನಕ್ಕೆ ದೂಡಿದ್ದು ಅಷ್ಟೆ. ಪಾಳಿ ರದ್ದಾಗಲಿಲ್ಲ.

ನಮ್ಮ ದೇಶದ ಲೆಕ್ಕ ನೋಡಿ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಣ್ಣು ದಿನಕ್ಕೆ 299 ನಿಮಿಷ ಕೊಡುತ್ತಾಳೆ. ಮನೆಗೆಲಸಕ್ಕೆ ಕೈ ಹಾಕುವ ಗಂಡಸರನ್ನಷ್ಟೇ ಹಿಡಿದರೂ ಅವರು ಕೊಡುವುದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88. ಅವಳ ಹೊರೆ ಹತ್ತು ನಿಮಿಷ ಇಳಿದರೆ ಇವನದೂ ಒಂಬತ್ತು ನಿಮಿಷ ಇಳಿಯಿತು! ಇನ್ನು ನಗರದ ಉಳ್ಳವರ ಮನೆಗೆ ಯಂತ್ರಕ್ಕಿಂತ ಅಗ್ಗವಾಗಿ ನಮ್ಮ ಅಕ್ಕತಂಗಿಯರೇ ಸಿಗುತ್ತಾರೆ. ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿ 2004ರಲ್ಲಿ ಆದೇಶ ಹೊರಡಿಸಿದ ಮೊದಲ ರಾಜ್ಯ ಕರ್ನಾಟಕ. ಆದರೂ ಬೇರೆ ಲೋಟ, ಕೂರಲು ನೆಲ, ನಿನ್ನೆಯ ಸಾರು ಇವತ್ತಿಗೂ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ನಿನ್ನೆಯ ಸಾರು ಅದೇ ಮನೆಯ ಮೇಜಿನ ಮೇಲೆ ಬಂದರೆ ಜಾಣತನ, ಕೆಲಸದವಳ ಡಬ್ಬಿಗೆ ಬಿದ್ದರೆ ದಾನ.

ಹಾಗಾದರೆ ಯಂತ್ರ ಬೇಡವೇ? ಬೇಕು. ಹೊಗೆ ಕುಡಿದು ಕಣ್ಣು ಕಳಕೊಂಡ ಅವ್ವಂದಿರ ಮಕ್ಕಳಾದ ನಾವು ಯಂತ್ರ ಬೇಡ ಎನ್ನುವುದಿಲ್ಲ. ಒಲೆ ಊದುವುದರಲ್ಲಿ ಸಂಸ್ಕೃತಿ ಇದೆ ಎಂದು ಹೇಳುವವರು ಒಲೆ ಊದಿದವರಲ್ಲ. ಮಡಕೆ ಬರಲಿ, ಫ್ರಿಜ್ಜು ಬರಲಿ, ನಮ್ಮ ಹಟ್ಟಿಗೂ ಬರಲಿ. ಅದರ ಜೊತೆಗೆ ಎರಡು ಕೇಳಿಕೆ. ಪರರ ಮನೆಯಲ್ಲಿ ಬೇಯಿಸುವವಳಿಗೆ ಪೂರಾ ಕೂಲಿ, ವಾರಕ್ಕೊಂದು ಪೂರಾ ರಜೆ ಸಿಗಬೇಕು. ಉಳಿದ ಅನ್ನ ಕೂಲಿಯ ಲೆಕ್ಕಕ್ಕೆ ಬರಬಾರದು. ನಮ್ಮ ಮನೆಯಲ್ಲಿ ನಾಳೆಯ ಅಡುಗೆಗೆ ಇವತ್ತು ರಾತ್ರಿ ಕಾಳು ನೆನೆಹಾಕುವ ನೆನಪು ಗಂಡಸಿನದೂ ಆಗಬೇಕು. ಸಮಾನತೆಯ ಭಾಷಣ ಮುಗಿಸಿ ಸರಿರಾತ್ರಿ ಮನೆಗೆ ಬಂದು ಮುಚ್ಚಿಟ್ಟ ತಟ್ಟೆ ತೆಗೆಯುವ ಗೆಳೆಯ, ಅದನ್ನು ಮುಚ್ಚಿಟ್ಟವಳು ಉಂಡಳೋ ಇಲ್ಲವೋ ಎಂದು ಮೊದಲು ಕೇಳಲಿ. ಆಮೇಲೆ ತಟ್ಟೆ ತೊಳೆದು, ನಾಳೆಗೆ ಒಂದು ಪಾವು ಹುರುಳಿ ತಾನೇ ನೆನೆಹಾಕಿ ಮಲಗಲಿ.