ಸಕ್ಕರೆ ನಾಡಿನ ಸೈಕಲ್

ಮಂಡ್ಯ ತಾಲ್ಲೂಕಿನ ಕೊತ್ತತ್ತಿಯಂಥ ಊರುಗಳಲ್ಲಿ ಬಹುಕಾಲ ಸೈಕಲ್ ಎಂದರೆ 28 ಇಂಚಿನ ಚಕ್ರ, ಕಂಬಿ ಬ್ರೇಕಿನ ಕಪ್ಪು ಗಾಡಿ. ಕನ್ನಂಬಾಡಿಯ ನಾಲೆ ನೀರು ಕಬ್ಬನ್ನು ಬೆಳೆಸಿತು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಜಿಲ್ಲಾ ಕೇಂದ್ರವಾಯಿತು. ಹಳ್ಳಿಯವರಿಗೆ ಪೇಟೆಯ ಕೆಲಸ ಹೆಚ್ಚಿ, ಓಡಾಟಕ್ಕೆ ಸೈಕಲ್ ಬೇಕಾಯಿತು. ಆದರೆ ಇಂಗ್ಲೆಂಡಿನ ರ‍್ಯಾಲಿ ಸೈಕಲ್ಲು ಉಳ್ಳವರ ಸೊತ್ತು.

ಸೈಕಲ್ ಸಾಮಾನ್ಯರ ಕೈಗೆಟುಕಿದ್ದು ಸ್ವಾತಂತ್ರ್ಯಾನಂತರ, ಮದರಾಸಿನ ಬಳಿಯ ಅಂಬತ್ತೂರು, ಸೋನೀಪತ್, ಲುಧಿಯಾನಗಳಲ್ಲಿ ಕಾರ್ಖಾನೆಗಳು ಬೆಳೆದ ಮೇಲೆ. ಅಷ್ಟೂ ಹಣವಿಲ್ಲದವರಿಗೆ ಗಂಟೆ ಲೆಕ್ಕದ ಬಾಡಿಗೆ ಅಂಗಡಿಗಳಿದ್ದವು. ಸವಾರಿಗಿಂತ ಹೊರೆಗೇ ಈ ಗಾಡಿ ಹೇಳಿ ಮಾಡಿಸಿದಂತಿತ್ತು: ಹಾಲಿನ ಕ್ಯಾನು, ಹುಲ್ಲು, ಹಿಂದೆ ಹೆಂಡತಿ, ಮುಂದಿನ ಬಾರಿನ ಮೇಲೆ ಮಗು. ಗೇರ್ ಇಲ್ಲ, ತೂಕ ವಿಪರೀತ. ಆದರೆ ಕೆಟ್ಟರೆ ಯಾವ ಊರಿನಲ್ಲೂ ರಿಪೇರಿಯಾಗುತ್ತಿತ್ತು.

1980ರ ದಶಕದಿಂದ ಮೊಪೆಡ್ ಆ ಹೊರೆಯನ್ನು ಹಂಚಿಕೊಂಡಿತು. 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡತೊಡಗಿ, ಹೆಣ್ಣುಮಕ್ಕಳ ಶಾಲೆಯ ದಾರಿ ಸುಗಮವಾಯಿತು.

ಆಮೇಲೆ ನಗರಗಳಿಂದ ಬಂದದ್ದು ಹೈಬ್ರಿಡ್ ಸೈಕಲ್: ನೇರ ಹ್ಯಾಂಡಲ್, ಗೇರ್, ತೆಳು ಟೈರು. ಓಟ ಹಗುರ, ಆದರೆ ಅನೇಕ ಮಾದರಿಗಳಿಗೆ ಕ್ಯಾರಿಯರ್, ಮಡ್‌ಗಾರ್ಡ್ ಪ್ರತ್ಯೇಕ ಖರ್ಚು. ಕಡಿಮೆ ಬೆಲೆಯವುಗಳಲ್ಲಿ ಮುಂದಿನ ಸಸ್ಪೆನ್ಷನ್ ಹೆಚ್ಚಾಗಿ ಬರೀ ಭಾರ. ಗಟ್ಟಿ ಫೋರ್ಕು, ಸ್ವಲ್ಪ ಅಗಲದ ಟೈರು ಇರುವುದೇ ದಿನನಿತ್ಯದ ಓಡಾಟಕ್ಕೆ ಲೇಸು.